ಒಡೆದುದು ಅಳಿದುದಲ್ಲ

ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂಬುದು ಕನ್ನಡದ ಹಳೆಯ ಗಾದೆಗಳಲ್ಲಿ ಒಂದು. ಹರಿಯುವ ನೀರಿಗೆ ಕಿವುಚಿದ ಹುಳಿಯು ಯಾರ ನಾಲಗೆಗೂ ರುಚಿ ತೋರದೆ ನೀರಿನಲ್ಲಿ ನೀರಾಗಿ ಹೋಗುತ್ತದೆಂಬ ಅನುಭವದ ಮೇಲೆ ಈ ಮಾತು ನಿಂತಿದೆ. ಸಹಸ್ರಾರು ವರ್ಷಗಳ ಕಾಲ ಮನುಷ್ಯನು ನೀರಿಗೆ ಒಪ್ಪಿಸಿದುದೆಲ್ಲವೂ ಬಹುಮಟ್ಟಿಗೆ ಈ ಬಗೆಯದೇ ಆಗಿತ್ತು. ಹೂವು, ಎಲೆ, ಬೂದಿ, ಹತ್ತಿಯ ಬಟ್ಟೆ, ಸೆಣಬಿನ ಹಗ್ಗ, ಮರದ ದೋಣಿ, ಮಣ್ಣಿನ ಗಡಿಗೆ ಇವುಗಳಲ್ಲಿ ಕೆಲವು ಕರಗಿದವು, ಕೆಲವು ಕೊಳೆತವು, ಕೆಲವು ಮಣ್ಣಿನೊಡನೆ ಮಣ್ಣಾದವು. ಆದುದರಿಂದ ನೀರು ಎಲ್ಲವನ್ನೂ ತೊಳೆಯಬಲ್ಲುದು, ಕಡಲು ಎಲ್ಲವನ್ನೂ ನುಂಗಿ ಅರಗಿಸಿಕೊಳ್ಳಬಲ್ಲುದು ಎಂಬ ಭಾವನೆಯು ಜನಮನದಲ್ಲಿ ಬೇರೂರಿತು. ಅಂದಿನ ಮಟ್ಟಿಗೆ ಅದು ಸುಳ್ಳಾಗಿರಲಿಲ್ಲ.

ಆದರೆ ಕಳೆದ ನೂರು ವರ್ಷಗಳಲ್ಲಿ ಈ ಗಾದೆಯ ಹಿಡಿತಕ್ಕೆ ಸಿಕ್ಕದ ಒಂದು ಪದಾರ್ಥವು ಲೋಕವ್ಯವಹಾರವನ್ನು ಹೊಕ್ಕಿತು. ಅದುವೇ ಪ್ಲಾಸ್ಟಿಕ್. ಕಡಲು ಅದನ್ನು ಕರಗಿಸಲಾರದು, ಕೊಳೆಯಿಸಲಾರದು. ಒಡೆಯಬಲ್ಲುದು, ಪುಡಿಮಾಡಬಲ್ಲುದು. ಹೀಗೆ ಪುಡಿಯಾದ ಪ್ಲಾಸ್ಟಿಕ್ಕು ಕಣ್ಣಿಗೆ ಕಾಣದಂತಾದಾಗ ಅದು ಇಲ್ಲವಾಯಿತೆಂದು ಮನುಷ್ಯನು ನೆಮ್ಮದಿಯಿಂದ ನಿಟ್ಟುಸಿರು ಬಿಡುತ್ತಾನೆ. ಈ ನೆಮ್ಮದಿಯು ಭ್ರಾಂತಿಮೂಲವಾದುದು. ಶಾಲೆಗಳಲ್ಲಿ, ಮಠಮಾನ್ಯಗಳಲ್ಲಿ, ಮನೆಮನೆಗಳಲ್ಲಿ ಈ ಭ್ರಾಂತಿಯನ್ನು ಮೊದಲು ಕಳೆಯಬೇಕಾಗಿದೆ.

ಮಾತಿನ ವಿವೇಕ

ವಸ್ತುವಿನ ಅವಸಾನವನ್ನು ಹೇಳುವ ಕ್ರಿಯಾಪದಗಳು ಕನ್ನಡದಲ್ಲಿ ಹೇರಳವಾಗಿವೆ. ಉಪ್ಪು ಕರಗುತ್ತದೆ, ಎಲೆ ಕೊಳೆಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಕಲ್ಲು ಸವೆಯುತ್ತದೆ, ಕಟ್ಟಿಗೆ ಬೂದಿಯಾಗುತ್ತದೆ, ಗಾಜು ಒಡೆಯುತ್ತದೆ. ಇವುಗಳಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಯಾವ ಹಳ್ಳಿಗನೂ ಬಳಸುವುದಿಲ್ಲ. ಕರಗಿದ ಉಪ್ಪನ್ನು ನೀರು ಇಂಗಿಸಿ ಮರಳಿ ಪಡೆಯಬಹುದು. ಕೊಳೆತ ಎಲೆಯು ಮತ್ತೆ ಎಲೆಯಾಗದಿದ್ದರೂ ಗೊಬ್ಬರವಾಗಿ ಇನ್ನೊಂದು ಗಿಡದ ಎಲೆಯಾಗುತ್ತದೆ. ಒಡೆದ ಗಾಜಾದರೋ ಗಾಜಾಗಿಯೇ ಉಳಿಯುತ್ತದೆ. ತುಂಡುಗಳ ಸಂಖ್ಯೆ ಹೆಚ್ಚುತ್ತದೆ, ಕಾಲಿಗೆ ಚುಚ್ಚುವ ಭಯವೂ ಹೆಚ್ಚುತ್ತದೆ.

ಪ್ಲಾಸ್ಟಿಕ್ಕಿನ ವಿಷಯದಲ್ಲಿ ಮಾತ್ರ ಈ ವಿವೇಕವು ಮರೆಯಾಗಿದೆ. ಶಾಲೆಯ ಗೋಡೆಗಳ ಮೇಲಿನ ಭಿತ್ತಿಪತ್ರಗಳಲ್ಲಿಯೂ ಮಕ್ಕಳ ಭಾಷಣಗಳಲ್ಲಿಯೂ ಪ್ಲಾಸ್ಟಿಕ್ ಬಾಟಲಿಯು ಕರಗಲು ೪೫೦ ವರ್ಷ ಬೇಕೆಂಬ ವಾಕ್ಯವು ಪದೇ ಪದೇ ಕಾಣಿಸಿಕೊಳ್ಳುತ್ತದೆ. ಉದ್ದೇಶವು ಒಳ್ಳೆಯದೇ. ಆದರೆ ಈ ಒಂದು ವಾಕ್ಯದಲ್ಲಿ ಎರಡು ದೋಷಗಳಿವೆ. ಕರಗುವುದೆಂಬ ಕ್ರಿಯೆಯು ಅಲ್ಲಿ ನಡೆಯುವುದೇ ಇಲ್ಲವೆಂಬುದು ಮೊದಲನೆಯದು. ಎರಡನೆಯದು ಆ ಅಂಕಿಯದು. ಪೂರ್ಣವಾಗಿ ಕೃತಕವಾದ ಪ್ರಥಮ ಪ್ಲಾಸ್ಟಿಕ್ ಆದ ಬೇಕಲೈಟನ್ನು ಲಿಯೋ ಬೇಕ್‌ಲೆಂಡ್ ಎಂಬ ರಸಾಯನ ವಿಜ್ಞಾನಿಯು ರೂಪಿಸಿದ್ದು ೧೯೦೭ರಲ್ಲಿ. ಇಂದು ಎಲ್ಲೆಡೆ ಕಾಣುವ ಪಾನೀಯದ ಪ್ಲಾಸ್ಟಿಕ್ ಬಾಟಲಿಗೆ ಹಕ್ಕುಪತ್ರ ದೊರೆತುದು ೧೯೭೩ರಲ್ಲಿ. ಹುಟ್ಟಿ ನೂರು ವರ್ಷವೂ ತುಂಬದ ಬಾಟಲಿಯ ಆಯುಷ್ಯವನ್ನು ೪೫೦ ವರ್ಷವೆಂದು ಕಂಡವರಾರು? ಇಂತಹ ಅಂಕಿಗಳಿಗೆ ದೃಢವಾದ ಪ್ರಯೋಗದ ಆಧಾರವು ಸಾಲದೆಂದು ಅಮೆರಿಕದ ವುಡ್ಸ್ ಹೋಲ್ ಸಾಗರ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ೨೦೨೦ರಲ್ಲಿ ಎಚ್ಚರಿಸಿದರು.

ಇದು ಕೇವಲ ವಿದ್ವಾಂಸರ ಶಬ್ದಜಿಜ್ಞಾಸೆಯಲ್ಲ. ಕರಗುತ್ತದೆ ಎಂದು ಕೇಳಿದ ಮಗುವು ಎಷ್ಟೇ ತಡವಾದರೂ ಕೊನೆಗೊಂದು ದಿನ ಕಡಲು ಶುದ್ಧವಾಗುತ್ತದೆಂದು ತಿಳಿಯುತ್ತದೆ. ಒಡೆಯುತ್ತದೆ ಎಂದು ಕೇಳಿದ ಮಗುವು ಆ ತುಂಡುಗಳು ಎಲ್ಲಿಗೆ ಹೋದವೆಂದು ಮರುಪ್ರಶ್ನೆ ಹಾಕುತ್ತದೆ. ಮಕ್ಕಳಿಂದ ಈ ಎರಡನೆಯ ಪ್ರಶ್ನೆಯನ್ನು ಹೊರಡಿಸುವುದೇ ವಿದ್ಯೆಯ ಕೆಲಸ. ಕ್ಷರವಾಗದುದು ಅಕ್ಷರವೆಂದು ಶಾಸ್ತ್ರಜ್ಞರು ವಿವರಿಸುತ್ತಾರೆ. ಅಳಿವಿಲ್ಲದ ಅಕ್ಷರವನ್ನು ಮಕ್ಕಳಿಗೆ ಉಣಬಡಿಸುವ ಸಂಸ್ಥೆಗಳು, ಬೇಗ ಅಳಿಯದಿರುವ ಇನ್ನೊಂದು ವಸ್ತುವನ್ನು ಅವರ ಪಾಲಿನ ಭೂಮಿಗೆ ಬಿಟ್ಟುಹೋಗುವುದು ಎಂತಹ ವಿಪರ್ಯಾಸ!

ಒಡೆಯುವ ಬಗೆ

ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಲ್ಲ. ಅದೊಂದು ದೊಡ್ಡ ಕುಲ. ಚೀಲಗಳ ಪಾಲಿಥೀನ್, ಹಗ್ಗ ಮತ್ತು ಡಬ್ಬಿಗಳ ಪಾಲಿಪ್ರೊಪಿಲೀನ್, ಬಾಟಲಿ ಮತ್ತು ಬಟ್ಟೆಗಳ ಪಾಲಿಯೆಸ್ಟರ್, ಬಲೆಗಳ ನೈಲಾನ್, ಥರ್ಮಕೋಲಿನ ಪಾಲಿಸ್ಟೈರೀನ್, ಕೊಳವೆಗಳ ಪಿ.ವಿ.ಸಿ. ಇವೆಲ್ಲವೂ ಆ ಕುಲದವು. ಸಣ್ಣ ಅಣುಗಳನ್ನು ಸಾವಿರಗಟ್ಟಲೆ ಒಂದಕ್ಕೊಂದು ಜೋಡಿಸಿದ ನಿಡಿದಾದ ಸರಪಳಿಗಳೇ ಇವುಗಳ ಒಡಲು. ಸರಪಳಿಯು ಉದ್ದವಾಗಿರುವುದರಿಂದಲೇ ವಸ್ತುವು ಬಾಗುತ್ತದೆ, ಎಳೆದರೆ ತಾಳುತ್ತದೆ, ಹರಿಯುವುದಿಲ್ಲ. ಆ ಉದ್ದನೆಯ ಸರಪಳಿಯನ್ನು ನುಂಗಿ ಜೀರ್ಣಿಸಿಕೊಳ್ಳಲು ಸೂಕ್ಷ್ಮಜೀವಿಗಳಿಗೆ ಸಾಧ್ಯವಾಗದಿರುವುದೂ ಅದೇ ಕಾರಣಕ್ಕಾಗಿ. ಹತ್ತಿಯೂ ಕಟ್ಟಿಗೆಯೂ ಉದ್ದನೆಯ ಸರಪಳಿಗಳೇ. ಆದರೆ ಅವುಗಳನ್ನು ಕಡಿಯಬಲ್ಲ ಸೂಕ್ಷ್ಮಜೀವಿಗಳನ್ನು ಪ್ರಕೃತಿಯು ಕೋಟ್ಯಂತರ ವರ್ಷಗಳಿಂದ ಸಾಕಿಕೊಂಡು ಬಂದಿದೆ. ಪ್ಲಾಸ್ಟಿಕ್ಕಾದರೋ ನಿನ್ನೆ ಬಂದ ಅತಿಥಿ.

ಈ ಸರಪಳಿಯ ಮೇಲೆ ಮೊದಲು ಕೈಯಿಡುವವನು ಸೂರ್ಯ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ಕಿನ ಒಡಲಿನ ದುರ್ಬಲವಾದ ಕೊಂಡಿಗಳನ್ನು ಕಳಚುತ್ತವೆ. ಕಳಚಿದ ಕೊಂಡಿಗೆ ಗಾಳಿಯ ಆಮ್ಲಜನಕವು ಬಂದು ಅಂಟಿಕೊಳ್ಳುತ್ತದೆ. ಅಲ್ಲಿಂದ ಪಕ್ಕದ ಕೊಂಡಿಗೂ ಆ ಉಪದ್ರವವು ಹರಡುತ್ತದೆ. ಹೀಗೆ ಉದ್ದನೆಯ ಸರಪಳಿಯು ತುಂಡುತುಂಡಾಗುತ್ತ ಹೋದಂತೆ ವಸ್ತುವು ಬಾಗುವ ಗುಣವನ್ನು ಕಳೆದುಕೊಂಡು ಪೆಡಸಾಗುತ್ತದೆ. ಅದರ ಬಣ್ಣ ಮಾಸುತ್ತದೆ. ಮೇಲ್ಮೈಯಲ್ಲಿ ಬೇಸಿಗೆಯ ಎರೆಹೊಲದಂತೆ ಬಿರುಕುಗಳು ಮೂಡುತ್ತವೆ. ಅಂಗಳದಲ್ಲಿ ವರ್ಷಗಟ್ಟಲೆ ಬಿಸಿಲು ಕಂಡ ಪ್ಲಾಸ್ಟಿಕ್ ಬಕೀಟು ಮುಟ್ಟಿದರೆ ಮುರಿಯುವುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಸಮುದ್ರದ ದಂಡೆಯಲ್ಲಿ ನಡೆಯುವುದೂ ಇದೇ. ಹೀಗೆ ಬಿರುಕುಬಿಟ್ಟು ಬಲಗುಂದಿದ ತುಂಡನ್ನು ಅಲೆಯು ಎತ್ತಿ ಮರಳಿನ ಮೇಲೆ ಅಪ್ಪಳಿಸುತ್ತದೆ, ಕಲ್ಲಿನ ಮೇಲೆ ಉಜ್ಜುತ್ತದೆ, ಮತ್ತೆ ಒಳಗೆಳೆದುಕೊಳ್ಳುತ್ತದೆ. ದೊಡ್ಡ ತುಂಡು ಚೂರಾಗುತ್ತದೆ, ಚೂರು ಕಣವಾಗುತ್ತದೆ, ಕಣವು ಹುಡಿಯಾಗುತ್ತದೆ.

ಇಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ಪ್ಲಾಸ್ಟಿಕ್ಕು ಬೇಗ ಒಡೆಯುವುದು ನೀರಿನೊಳಗಲ್ಲ, ದಂಡೆಯ ಮೇಲೆ. ದಂಡೆಯ ಮರಳು ಕಾಯುತ್ತದೆ. ಕಾವು ಏರಿದಂತೆ ಒಡೆಯುವ ಕ್ರಿಯೆಯೂ ಚುರುಕಾಗುತ್ತದೆ. ಕಡಲಿನ ನೀರು ತಂಪಾಗಿದ್ದು ಪ್ಲಾಸ್ಟಿಕ್ಕನ್ನು ಕಾಯಗೊಡುವುದಿಲ್ಲ. ತೇಲುವ ತುಂಡಿನ ಮೇಲೆ ಪಾಚಿಯೂ ಸೂಕ್ಷ್ಮಜೀವಿಗಳೂ ಕೂಡಿ ಲೋಳೆಯ ಹೊದಿಕೆಯನ್ನು ಹೊದಿಸುತ್ತವೆ. ಬಿಸಿಲು ಒಳಗಿಳಿಯದಂತೆ ಆ ಹೊದಿಕೆಯು ಕಾಯುತ್ತದೆ. ಆಳಕ್ಕೆ ಮುಳುಗಿದ ತುಂಡಿಗಂತೂ ಬಿಸಿಲಿನ ದರ್ಶನವೇ ಇಲ್ಲ. ಅಲ್ಲಿ ಅದು ಅತ್ಯಂತ ನಿಧಾನವಾಗಿ ಮಾರ್ಪಡುತ್ತ ದೀರ್ಘಕಾಲ ಬಿದ್ದಿರುತ್ತದೆ. ಆದುದರಿಂದ ದಂಡೆಯನ್ನು ಬೀಸುವ ಕಲ್ಲೆಂದೂ ಕಡಲನ್ನು ಕಣಜವೆಂದೂ ಹೇಳಿದರೆ ತಪ್ಪಾಗಲಾರದು. ದಂಡೆಯು ಬೀಸಿಕೊಡುತ್ತದೆ, ಕಡಲು ತುಂಬಿಟ್ಟುಕೊಳ್ಳುತ್ತದೆ.

ಬೆಳಕಿನ ಹೊಡೆತದಿಂದ ಪ್ಲಾಸ್ಟಿಕ್ಕಿನ ಒಂದಂಶವು ನೀರಿನಲ್ಲಿ ಲೀನವಾಗಬಲ್ಲ ಕಿರಿಯ ಅಣುಗಳಾಗುವುದೂ ಅವುಗಳಲ್ಲಿ ಕೆಲವನ್ನು ಸೂಕ್ಷ್ಮಜೀವಿಗಳು ಬಳಸಿಕೊಳ್ಳುವುದೂ ಉಂಟು. ಜಪಾನಿನ ವಿಜ್ಞಾನಿಗಳು ಬಾಟಲಿಯ ಪ್ಲಾಸ್ಟಿಕ್ಕನ್ನು ತಿನ್ನಬಲ್ಲ ಬ್ಯಾಕ್ಟೀರಿಯವೊಂದನ್ನು ಕಂಡುದಾಗಿ ೨೦೧೬ರಲ್ಲಿ ಪ್ರಕಟಿಸಿದರು. ಸತ್ಯವನ್ನು ಹೇಳುವಾಗ ಇದನ್ನೂ ಹೇಳಬೇಕು. ಆದರೆ ಪ್ರಯೋಗಶಾಲೆಯ ಬೆಚ್ಚನೆಯ ಪಾತ್ರೆಯಲ್ಲಿ ತೆಳುಹಾಳೆಯೊಂದನ್ನು ತಿಂದ ಜೀವಿಯು ಏಳು ಕಡಲುಗಳ ಹೊರೆಯನ್ನು ಇಳಿಸೀತೆಂದು ನೆಚ್ಚಿ ಕುಳಿತುಕೊಳ್ಳುವುದು, ಆಕಾಶದ ಮಳೆಯನ್ನು ನಂಬಿ ಇದ್ದ ಬಾವಿಗೆ ಮಣ್ಣು ಹಾಕಿದಂತೆ.

ಹುಡಿಯ ಗತಿ

೧೯೭೨ರಲ್ಲಿ ಎಡ್ವರ್ಡ್ ಕಾರ್ಪೆಂಟರ್ ಮೊದಲಾದವರು ಅಟ್ಲಾಂಟಿಕ್ ಸಾಗರದ ಸರ್ಗಾಸೋ ಸಮುದ್ರದ ಮೇಲ್ಮೈಯಲ್ಲಿ ಪ್ಲಾಸ್ಟಿಕ್ ಚೂರುಗಳು ತೇಲುತ್ತಿರುವುದನ್ನು ವಿಜ್ಞಾನಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ಅಂದು ಅದಕ್ಕೆ ಹೆಚ್ಚಿನ ಮನ್ನಣೆ ದೊರೆಯಲಿಲ್ಲ. ಮೂರು ದಶಕಗಳ ಬಳಿಕ, ೨೦೦೪ರಲ್ಲಿ, ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾನಿಲಯದ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು ಕಡಲತೀರದ ಮರಳಿನಲ್ಲಿಯೂ ೧೯೬೦ರ ದಶಕದಿಂದ ಕೂಡಿಟ್ಟ ಸಮುದ್ರಜಲದ ಮಾದರಿಗಳಲ್ಲಿಯೂ ಕಣ್ಣಿಗೆ ಕಾಣದಷ್ಟು ಕಿರಿದಾದ ಪ್ಲಾಸ್ಟಿಕ್ ಎಳೆಗಳನ್ನು ಗುರುತಿಸಿ ಅವುಗಳಿಗೆ ಮೈಕ್ರೊಪ್ಲಾಸ್ಟಿಕ್ ಎಂಬ ಹೆಸರನ್ನು ಬಳಕೆಗೆ ತಂದರು. ಐದು ಮಿಲಿಮೀಟರಿಗಿಂತ ಕಿರಿದಾದ ಕಣಗಳಿಗೆಲ್ಲ ಈಗ ಈ ಹೆಸರು ಸಲ್ಲುತ್ತದೆ. ಕನ್ನಡದಲ್ಲಿ ಇದನ್ನು ಸೂಕ್ಷ್ಮಪ್ಲಾಸ್ಟಿಕ್ ಎನ್ನಬಹುದು. ಪ್ಲಾಸ್ಟಿಕ್ ಹುಡಿ ಎಂದರೆ ಇನ್ನೂ ಸುಲಭವಾಗಿ ತಿಳಿಯುತ್ತದೆ.

ಹುಡಿಯಾಗುವುದರಿಂದ ಹೆಚ್ಚಿದ ಕೇಡೇನೆಂದು ಕೇಳುವವರುಂಟು. ಹೈಸ್ಕೂಲಿನ ಗಣಿತವೇ ಇದಕ್ಕೆ ಉತ್ತರ ಕೊಡುತ್ತದೆ. ಒಂದು ಸೆಂಟಿಮೀಟರ್ ಅಂಚಿನ ಪ್ಲಾಸ್ಟಿಕ್ ಘನವೊಂದರ ಮೇಲ್ಮೈ ೬ ಚದರ ಸೆಂಟಿಮೀಟರ್. ಅದನ್ನು ಒಂದು ಮಿಲಿಮೀಟರ್ ಅಂಚಿನ ಘನಗಳಾಗಿ ಒಡೆದರೆ ೧,೦೦೦ ತುಂಡುಗಳಾಗುತ್ತವೆ. ಒಟ್ಟು ಮೇಲ್ಮೈ ೬೦ ಚದರ ಸೆಂಟಿಮೀಟರ್. ಮತ್ತೆ ಹತ್ತರಲ್ಲಿ ಒಂದು ಮಿಲಿಮೀಟರಿಗೆ ಒಡೆದರೆ ತುಂಡುಗಳು ೧೦ ಲಕ್ಷ, ಮೇಲ್ಮೈ ೬೦೦ ಚದರ ಸೆಂಟಿಮೀಟರ್. ತೂಕವು ಗುಂಜಿಯಷ್ಟೂ ಕಡಿಮೆಯಾಗಲಿಲ್ಲ. ಆದರೆ ನೀರಿಗೆ ತೆರೆದುಕೊಂಡ ಮೈ ನೂರು ಪಾಲಾಯಿತು. ಪ್ಲಾಸ್ಟಿಕ್ಕಿಗೆ ಮೃದುತ್ವ, ಬಣ್ಣ, ತಾಳಿಕೆಗಳು ಬರಲೆಂದು ಬೆರೆಸಿದ ರಾಸಾಯನಿಕಗಳು ಹೊರಗೆ ಸೋರಲು ಅಷ್ಟೂ ಮೈ ಬಾಗಿಲಾಗುತ್ತದೆ. ನೀರಿನಲ್ಲಿರುವ ಇತರ ವಿಷಗಳು ಬಂದು ಅಂಟಿಕೊಳ್ಳಲೂ ಅದೇ ನೆಲೆಯಾಗುತ್ತದೆ. ಜಪಾನಿನ ಸಂಶೋಧಕರು ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನವು ಪ್ಲಾಸ್ಟಿಕ್ ಕಾಳುಗಳು ಪಿ.ಸಿ.ಬಿ. ಎಂಬ ವಿಷವಸ್ತುವನ್ನು ಸುತ್ತಣ ನೀರಿನಲ್ಲಿರುವುದಕ್ಕಿಂತ ಲಕ್ಷಪಟ್ಟು ಸಾಂದ್ರವಾಗಿ ಹೀರಿಟ್ಟುಕೊಳ್ಳಬಲ್ಲವೆಂದು ತೋರಿಸಿತು.

ಇನ್ನು ಈ ಹುಡಿಯನ್ನು ಉಣ್ಣುವವರು ಯಾರು? ಪ್ಲಾಸ್ಟಿಕ್ ಚೀಲವು ಇಡಿಯಾಗಿದ್ದಾಗ ಅದನ್ನು ಕಡಲಾಮೆಯಂತಹ ದೊಡ್ಡ ಪ್ರಾಣಿಯು ಮಾತ್ರ ಆಹಾರವೆಂದು ಭ್ರಮಿಸಿ ನುಂಗುತ್ತದೆ. ಹುಡಿಯಾದಾಗ ಅದು ತೇಲುವ ಸೂಕ್ಷ್ಮಜೀವಿಗಳ ಗಾತ್ರಕ್ಕೆ ಇಳಿಯುತ್ತದೆ. ಆ ಸೂಕ್ಷ್ಮಜೀವಿಗಳನ್ನು ನೀರಿನಿಂದ ಸೋಸಿ ತಿನ್ನುವ ಚಿಪ್ಪಿನ ಪ್ರಾಣಿಗಳಿಗೂ ಕರಾವಳಿಯ ಬಡವರ ಅನ್ನವೆನಿಸಿದ ಬೂತಾಯಿ, ಬಂಗುಡೆಗಳಂತಹ ಮೀನುಗಳಿಗೂ ಕಾಳಾವುದು ಕಸವಾವುದು ಎಂಬ ಭೇದವು ತಿಳಿಯದು. ೨೦೧೮ರಲ್ಲಿ ಮುಂಬಯಿಯ ಐ.ಐ.ಟಿ.ಯ ಸಂಶೋಧಕರು ಭಾರತದ ಸಮುದ್ರದ ಉಪ್ಪಿನಲ್ಲಿಯೂ ಈ ಕಣಗಳನ್ನು ಕಂಡರು. ಸಾದಾ ಮರಳಿನ ಮೂಲಕ ಉಪ್ಪುನೀರನ್ನು ಸೋಸಿದರೆ ಅವುಗಳಲ್ಲಿ ಬಹುಪಾಲನ್ನು ತಡೆಯಬಹುದೆಂದೂ ತಿಳಿಸಿದರು. ೨೦೧೯ರಲ್ಲಿ ಪೆಸಿಫಿಕ್ ಸಾಗರದ ಅತ್ಯಂತ ಆಳವಾದ ಕಂದಕಗಳಲ್ಲಿ ಬಾಳುವ ಕಿರುಪ್ರಾಣಿಗಳ ಹೊಟ್ಟೆಯಲ್ಲಿ ಅವು ಸಿಕ್ಕಿದುದು ವರದಿಯಾಯಿತು. ೨೦೨೨ರಲ್ಲಿ ನೆದರ್ಲೆಂಡ್ಸಿನ ವಿಜ್ಞಾನಿಗಳು ಮನುಷ್ಯರ ರಕ್ತದಲ್ಲಿ ಪ್ಲಾಸ್ಟಿಕ್ಕಿನ ಅಂಶವನ್ನು ಗುರುತಿಸಿದುದಾಗಿ ಪ್ರಕಟಿಸಿದರು. ಮನುಷ್ಯನ ಆರೋಗ್ಯಕ್ಕೆ ಇದರಿಂದ ಆಗುವ ಹಾನಿಯ ಪ್ರಮಾಣವು ಇನ್ನೂ ವೈದ್ಯವಿಜ್ಞಾನದ ಪರಿಶೀಲನೆಯಲ್ಲಿದೆ. ಆದುದರಿಂದ ಜನರನ್ನು ಹೆದರಿಸುವ ಮಾತು ಸಲ್ಲದು. ಆದರೆ ಹಾನಿಯು ಸಿದ್ಧವಾಗುವವರೆಗೆ ಸುರಿಯುತ್ತಲೇ ಇರೋಣವೆಂಬ ವಾದವು ಅದಕ್ಕಿಂತಲೂ ಸಲ್ಲದು. ಏಕೆಂದರೆ ಸುರಿದುದನ್ನು ಮರಳಿ ಬಳಿದುಕೊಳ್ಳಲು ಬಾರದು.

ಬಳಿದುಕೊಳ್ಳಲು ಬಾರದೆಂಬ ಈ ಮಾತೇ ಇಡೀ ವಿಷಯದ ತಿರುಳು. ೨೦೨೧ರ ಮೇ ತಿಂಗಳಲ್ಲಿ ಕೊಲಂಬೊ ಬಂದರಿನ ಬಳಿ ಎಕ್ಸ್‌ಪ್ರೆಸ್ ಪರ್ಲ್ ಎಂಬ ಹಡಗಿಗೆ ಬೆಂಕಿ ಬಿದ್ದು, ಜೂನ್ ತಿಂಗಳಲ್ಲಿ ಅದು ಮುಳುಗಿತು. ಅದರಲ್ಲಿದ್ದ ಸುಮಾರು ೧,೬೮೦ ಟನ್ ಪ್ಲಾಸ್ಟಿಕ್ ಕಾಳು, ಅಂದರೆ ಕಾರ್ಖಾನೆಗಳು ಕರಗಿಸಿ ಅಚ್ಚುಹಾಕುವ ಸಾಬೂದಾನಿಯಷ್ಟು ಗಾತ್ರದ ಕಚ್ಚಾವಸ್ತು, ಕಡಲಿನ ಪಾಲಾಯಿತು. ಸಿಂಹಳದ ದಂಡೆಗಳಲ್ಲಿ ಜನರು ಮೊಳಕಾಲೂರಿ ಕುಳಿತು ಮರಳನ್ನು ಜರಡಿಯಾಡಿದರು. ೨೦೨೫ರ ಮೇ ೨೫ರಂದು ಕೊಚ್ಚಿಯ ಆಚೆ ಎಂ.ಎಸ್.ಸಿ. ಎಲ್ಸಾ ೩ ಎಂಬ ಹಡಗು ಮುಳುಗಿದಾಗ ಅಂತಹುದೇ ಕಾಳುಗಳು ತಿರುವನಂತಪುರದ ತೀರಗಳಿಗೆ ಬಂದು ಬಿದ್ದವು. ಮೂಟೆಯಲ್ಲಿದ್ದಾಗ ಒಬ್ಬ ಹಮಾಲನು ಬೆನ್ನ ಮೇಲೆ ಹೊತ್ತು ಒಯ್ಯಬಹುದಾಗಿದ್ದುದನ್ನು ಮೂಟೆ ಒಡೆದ ಮೇಲೆ ಊರಿಗೆ ಊರೇ ನೆರೆದರೂ ಆಯ್ದು ಮುಗಿಸಲಾಗದು. ಹಡಗಿನ ಅವಘಡವು ಒಂದೇ ದಿನದಲ್ಲಿ ಮಾಡಿ ತೋರಿಸಿದ ಈ ಕೆಲಸವನ್ನೇ ಬಿಸಿಲು ಮತ್ತು ಅಲೆಗಳು ಪ್ರತಿದಿನವೂ ಸದ್ದಿಲ್ಲದೆ ಮಾಡುತ್ತಿವೆ.

ದೂರದ ಕಡಲು, ಹತ್ತಿರದ ಹಳ್ಳ

ಬಯಲುಸೀಮೆಯ ಊರಿಗೆ ಕಡಲಿನ ಚಿಂತೆ ಏತಕ್ಕೆಂಬ ಆಕ್ಷೇಪವು ಸಹಜವಾದುದೇ. ಹಳ್ಳವು ಹೊಳೆಗೆ, ಹೊಳೆಯು ಕಡಲಿಗೆ ಸೇರುವುದೇ ಇದಕ್ಕೆ ಮೊದಲ ಸಮಾಧಾನ. ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಂಡ ಕೃಷ್ಣೆಯು ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡಗಳನ್ನು ದಾಟಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಶರಣರ ಪಾವನಭೂಮಿಯಲ್ಲಿ ನದಿಗೆ ಎಸೆದ ಚೀಲಕ್ಕೆ ಕಡಲಿನ ದಾರಿಯು ತೆರೆದೇ ಇದೆ.

ಹಾಗೆಂದು ಎಸೆದುದೆಲ್ಲವೂ ಕಡಲು ಮುಟ್ಟುತ್ತದೆಂದು ಹೇಳುವುದು ಅತಿಶಯೋಕ್ತಿಯಾದೀತು. ಅಣೆಕಟ್ಟುಗಳು ತಡೆಯುತ್ತವೆ, ಮುಳ್ಳುಕಂಟಿಗಳು ಹಿಡಿಯುತ್ತವೆ, ಕೆರೆಯ ಹೂಳು ಮುಚ್ಚಿಕೊಳ್ಳುತ್ತದೆ. ಕಡಲಿಗೆ ಸಮೀಪದಲ್ಲಿರುವ ಪಟ್ಟಣಗಳ ಕಿರುಹೊಳೆಗಳೇ ಹೆಚ್ಚಿನ ಪಾಲನ್ನು ಒಯ್ಯುತ್ತವೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಆದರೆ ಈ ಸಮಾಧಾನದಲ್ಲಿಯೇ ಒಂದು ಕಠೋರ ಸತ್ಯವು ಅಡಗಿದೆ. ಕಡಲು ಮುಟ್ಟದ ಪ್ಲಾಸ್ಟಿಕ್ಕು ಬಯಲಿನ ಬಿಸಿಲಿನಲ್ಲಿ ಬೀಳುತ್ತದೆ. ಬಿಸಿಲಿನಲ್ಲಿ ಬಿದ್ದುದು ತಂಪಾದ ನೀರಿನಲ್ಲಿರುವುದಕ್ಕಿಂತ ಬೇಗ ಒಡೆಯುತ್ತದೆಂಬುದನ್ನು ಮೇಲೆ ಹೇಳಿದೆ. ವಿಜಯಪುರ, ರಾಯಚೂರು, ಕಲಬುರ್ಗಿಗಳ ಬೇಸಿಗೆಯ ಬಿಸಿಲು ಯಾವ ಕಡಲದಂಡೆಯ ಬಿಸಿಲಿಗೂ ಕಡಿಮೆಯಲ್ಲ. ಕಡಲಿಗೆ ಹೋಗದಿದ್ದರೆ ಹೊಲಕ್ಕೆ, ಮೀನಿಗೆ ಸಿಕ್ಕದಿದ್ದರೆ ಎತ್ತಿಗೆ. ದೂರದ ಕಡಲಿನ ಕಥೆಯು ಹತ್ತಿರದ ಹಳ್ಳದ ಕಥೆಯೇ ಆಗಿದೆ.

ತಾನಾಗಿಯೇ ಕರಗುವ ಚೀಲಗಳು ಬಂದಿವೆಯಲ್ಲ ಎಂಬುದು ಇನ್ನೊಂದು ಆಕ್ಷೇಪ. ಈ ಹೆಸರಿನಲ್ಲಿ ಮಾರುವ ಕೆಲವು ಚೀಲಗಳಲ್ಲಿ ಬೇಗನೆ ಚೂರಾಗುವಂತೆ ಒಂದು ಮಿಶ್ರಣವನ್ನು ಕೂಡಿಸಿರುತ್ತಾರೆ, ಅಷ್ಟೆ. ಅವು ಬೇಗನೆ ಹುಡಿಯಾಗುತ್ತವೆ. ಅಂದರೆ ಕೇಡಿನ ಹಾದಿಯನ್ನು ಬೇಗ ಹಿಡಿಯುತ್ತವೆ. ಯುರೋಪಿನ ಒಕ್ಕೂಟವು ೨೦೧೯ರ ಶಾಸನದಲ್ಲಿ ಇಂತಹವುಗಳನ್ನು ನಿಷೇಧಿಸಿತು. ಅದೇ ವರ್ಷ ಪ್ಲಿಮತ್ತಿನ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಜೈವಿಕವಾಗಿ ಅಳಿಯುವುದೆಂದು ಹೆಸರು ಹೊತ್ತ ಚೀಲವೊಂದು ಮೂರು ವರ್ಷ ಮಣ್ಣಿನಲ್ಲಿಯೂ ಕಡಲನೀರಿನಲ್ಲಿಯೂ ಇದ್ದ ಮೇಲೂ ಅಂಗಡಿಯ ಸಾಮಾನನ್ನು ಹೊರುವಷ್ಟು ಗಟ್ಟಿಯಾಗಿತ್ತು. ಹೆಸರಿನಿಂದ ಗುಣವು ಬರುವುದಿಲ್ಲವೆಂಬ ನೀತಿಗೆ ಇದಕ್ಕಿಂತ ನಿದರ್ಶನ ಬೇಕೆ?

ರಾಜ್ಯಗಳೂ ರಾಷ್ಟ್ರಗಳೂ ಕೈಕಟ್ಟಿ ಕುಳಿತಿಲ್ಲವೆಂಬುದು ನಿಜ. ಕರ್ನಾಟಕ ಸರ್ಕಾರವು ೨೦೧೬ರಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಬ್ಯಾನರುಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ೨೦೨೨ರ ಜುಲೈ ೧ರಿಂದ ಕೇಂದ್ರ ಸರ್ಕಾರವೂ ನಿಷೇಧಿಸಿತು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ನೈರೋಬಿಯಲ್ಲಿ ಸೇರಿದ ರಾಷ್ಟ್ರಗಳು ಪ್ಲಾಸ್ಟಿಕ್ಕಿನ ಬಗ್ಗೆ ಜಾಗತಿಕ ಒಪ್ಪಂದವನ್ನು ರಚಿಸಲು ನಿರ್ಣಯಿಸಿದವು. ಆದರೆ ೨೦೨೫ರ ಆಗಸ್ಟ್ ತಿಂಗಳಿನ ಜಿನೀವಾ ಸಭೆಯು ಒಮ್ಮತವಿಲ್ಲದೆ ಚದುರಿತು. ೧೯೫೦ರಲ್ಲಿ ಜಗತ್ತಿನ ವಾರ್ಷಿಕ ಉತ್ಪಾದನೆಯು ಸುಮಾರು ೨೦ ಲಕ್ಷ ಟನ್ ಇದ್ದುದು ಈಗ ೪೦ ಕೋಟಿ ಟನ್ನನ್ನು ಮೀರಿದೆ. ೨೦೧೫ರವರೆಗೆ ಕಸವಾದ ಪ್ಲಾಸ್ಟಿಕ್ಕಿನಲ್ಲಿ ಶೇಕಡ ೯ರಷ್ಟು ಮಾತ್ರ ಮರುಬಳಕೆಗೆ ಬಂದಿತೆಂದು ೨೦೧೭ರಲ್ಲಿ ಪ್ರಕಟವಾದ ಒಂದು ಲೆಕ್ಕವು ಹೇಳುತ್ತದೆ. ಶಾಸನವು ಬೇಲಿ ಹಾಕಬಲ್ಲುದು. ಬೆಳೆಯನ್ನು ಕಾಯಬೇಕಾದವರು ಹೊಲದವರೇ.

ಆಯ್ದಕ್ಕಿಯ ಪಾಠ

ಕಲ್ಯಾಣದ ಶರಣಸಮೂಹದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಚರಿತ್ರೆಯು ಎಲ್ಲರಿಗೂ ತಿಳಿದುದೇ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚಾಗಿ ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನ ಅಕ್ಕಿಯನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಈ ಚರಿತ್ರೆಯಲ್ಲಿ ಇಂದಿನ ಕಾಲಕ್ಕೆ ಎರಡು ಪಾಠಗಳಿವೆ. ಬೇಕಾದುದಕ್ಕಿಂತ ಹೆಚ್ಚನ್ನು ಮನೆಗೆ ತಾರದಿರುವುದು ಲಕ್ಕಮ್ಮನವರ ಪಾಠ. ಚೆಲ್ಲಿದುದನ್ನು ಕಾಳಾಗಿರುವಾಗಲೇ ಆಯುವುದು ಮಾರಯ್ಯನವರ ಪಾಠ. ಅಕ್ಕಿಯು ಕಾಳಾಗಿದ್ದುದರಿಂದ ಆಯಲು ಬಂದಿತು. ಅದೇ ಅಕ್ಕಿಯು ಕಾಲ್ತುಳಿತಕ್ಕೆ ಸಿಕ್ಕಿ ಹಿಟ್ಟಾಗಿ ಧೂಳಿನಲ್ಲಿ ಬೆರೆತಿದ್ದರೆ ಎಂತಹ ಕಾಯಕನಿಷ್ಠನಿಗೂ ಅದನ್ನು ಬಿಡಿಸಿ ತೆಗೆಯಲು ಸಾಧ್ಯವಾಗುತ್ತಿರಲಿಲ್ಲ.

ಪ್ಲಾಸ್ಟಿಕ್ಕಿಗೂ ಇದೇ ನ್ಯಾಯವು ಅನ್ವಯಿಸುತ್ತದೆ. ಅದು ಇಡಿಯಾಗಿರುವಾಗ ಎರಡು ಬೆರಳುಗಳಿಂದ ಎತ್ತಬಹುದು. ಒಡೆದ ಮೇಲೆ ಯಾವ ಯಂತ್ರವೂ ಕಡಲನ್ನು ಸೋಸಲಾರದು. ಸೋಸಲು ಹೊರಟರೆ ಹುಡಿಯೊಡನೆ ಕಡಲಿನ ಜೀವರಾಶಿಯೂ ಸೋಸಿಹೋದೀತು. ಆದುದರಿಂದ ಇಡಿಯಾಗಿರುವಾಗಲೇ ಎತ್ತುವವರು ಈ ಕಾಲದ ನಿಜವಾದ ಆಯ್ದಕ್ಕಿಯ ಕಾಯಕದವರು. ಬೆಳಗಿನ ಜಾವ ಹೆಗಲಿಗೆ ಚೀಲ ಹಾಕಿಕೊಂಡು ಬೀದಿಬೀದಿಗಳಲ್ಲಿ ಚಿಂದಿ ಆಯುವ ಹೆಣ್ಣುಮಕ್ಕಳೂ ಪೌರಕಾರ್ಮಿಕರೂ ಮಾಡುತ್ತಿರುವುದು ಈ ಕಾಯಕವನ್ನೇ. ಶಿವಭಕ್ತರ ಅಂಗಳವನ್ನು ಗುಡಿಸಿದ ಸತ್ಯಕ್ಕನನ್ನು ಶರಣೆಯೆಂದು ವೇದಿಕೆಯ ಮೇಲೆ ಕೊಂಡಾಡುವ ಸಮಾಜವು, ಕಡಲಿಗೂ ಕಸಕ್ಕೂ ನಡುವೆ ನಿಂತ ಈ ಕೈಗಳಿಗೆ ಕೈಗವಸನ್ನೂ ನ್ಯಾಯವಾದ ಕೂಲಿಯನ್ನೂ ಗೌರವದ ಮಾತನ್ನೂ ಕೊಡದಿದ್ದರೆ ಆ ಕೊಂಡಾಟವು ಬರಿಯ ಬಾಯಿಮಾತಾದೀತು.

ಪ್ಲಾಸ್ಟಿಕ್ಕನ್ನೇ ದ್ವೇಷಿಸಬೇಕೆಂದು ಇದರ ಅರ್ಥವಲ್ಲ. ಆಸ್ಪತ್ರೆಯ ಸೂಜಿ, ರಕ್ತದ ಚೀಲ, ಹನಿ ನೀರಾವರಿಯ ಕೊಳವೆ, ದೂರದಿಂದ ನೀರು ಹೊರುವ ಹೆಣ್ಣುಮಗಳ ಹಗುರವಾದ ಕೊಡ ಇವು ಪ್ಲಾಸ್ಟಿಕ್ಕಿನ ಉಪಕಾರಗಳು. ಹತ್ತು ವರ್ಷ ದುಡಿಯುವ ಕೊಡದ ಮೇಲೆ ಆಕ್ಷೇಪವಿಲ್ಲ. ಹತ್ತು ನಿಮಿಷ ದುಡಿದು ಮುಂದೆ ತಲೆಮಾರುಗಳ ಕಾಲ ಭಾರವಾಗುವ ಲೋಟದ ಮೇಲೆ ಆಕ್ಷೇಪ. ದುಡಿಮೆಗೂ ಆಯುಷ್ಯಕ್ಕೂ ತಾಳಮೇಳವಿಲ್ಲದ ವಸ್ತುವನ್ನು ಕಾಯಕತತ್ತ್ವವು ಒಪ್ಪಲಾರದು.

ಈ ದೃಷ್ಟಿಯಿಂದ ಮಠಗಳ ದಾಸೋಹದ ಪಂಕ್ತಿಯನ್ನೊಮ್ಮೆ ಪರಿಶೀಲಿಸಬೇಕು. ಪ್ರಸಾದದಲ್ಲಿ ಒಂದು ಅಗುಳೂ ವ್ಯರ್ಥವಾಗಬಾರದೆಂಬುದು ಪರಂಪರೆಯ ಕಟ್ಟುನಿಟ್ಟು. ಆದರೆ ಜಾತ್ರೆ, ಪುಣ್ಯಾರಾಧನೆಗಳ ಮರುದಿನ ಮಠಗಳ ಹಿಂದಣ ಬಯಲಿನಲ್ಲಿ ಕಾಣುವ ತಟ್ಟೆ ಲೋಟಗಳ ರಾಶಿಯು ಆ ಕಟ್ಟುನಿಟ್ಟಿಗೆ ಒಪ್ಪುವಂತಹುದೇ? ಅಗುಳನ್ನು ಗೌರವಿಸಿ, ಅಗುಳನ್ನು ಹೊತ್ತ ತಟ್ಟೆಯನ್ನು ಹಳ್ಳಕ್ಕೆ ಎಸೆದರೆ ಪ್ರಸಾದತತ್ತ್ವವು ಅರ್ಧಕ್ಕೆ ನಿಂತಂತಾಯಿತು. ಕಾಗದದ ಲೋಟವನ್ನು ಬಳಸಿದೆವೆಂ‌ಬ ಸಮಾಧಾನವೂ ಪೂರ್ಣವಾದುದಲ್ಲ. ಅದರ ಒಳಮೈಗೆ ಸಾಮಾನ್ಯವಾಗಿ ಪಾಲಿಥೀನಿನ ತೆಳುಪದರವೇ ಇರುತ್ತದೆ. ಅಂತಹ ಲೋಟದಲ್ಲಿ ಬಿಸಿನೀರು ಹದಿನೈದು ನಿಮಿಷ ನಿಂತರೆ ೧೦೦ ಮಿಲಿಲೀಟರಿಗೆ ಸುಮಾರು ೨೫,೦೦೦ ಸೂಕ್ಷ್ಮಕಣಗಳು ಸೇರುತ್ತವೆಂದು ಖರಗ್‌ಪುರದ ಐ.ಐ.ಟಿ.ಯ ಸಂಶೋಧಕರು ೨೦೨೦ರಲ್ಲಿ ತಿಳಿಸಿದರು. ಮುತ್ತುಗದ ಎಲೆಯ ಪತ್ರಾವಳಿ, ಬಾಳೆಯ ಎಲೆ, ತೊಳೆದು ಬಳಸುವ ಉಕ್ಕಿನ ತಟ್ಟೆ ಲೋಟ ಇವೇನೂ ಹೊಸ ಶೋಧಗಳಲ್ಲ. ತೊಳೆಯುವ ಕೈಗಳನ್ನು ಮರಳಿ ಕೂಡಿಸಬೇಕಾಗಿದೆ, ಅಷ್ಟೆ. ಸಾವಿರ ಜನರ ಎಂಜಲು ತಟ್ಟೆ ತೊಳೆಯುವುದು ಹೀನವೆಂದು ಭಾವಿಸದ ಪರಂಪರೆಯಲ್ಲಿ ಇದು ಕಷ್ಟದ ಮಾತಾಗಬಾರದು.

ಶಿಕ್ಷಕರ ಹೊಣೆ ಇನ್ನೂ ದೊಡ್ಡದು. ವರ್ಷಕ್ಕೊಮ್ಮೆ ಪರಿಸರ ದಿನದಂದು ಘೋಷಣೆಯ ಫಲಕ ಹಿಡಿದು ಬೀದಿ ಸುತ್ತಿದರೆ, ಅದರಲ್ಲಿಯೂ ಆ ಫಲಕವು ಫ್ಲೆಕ್ಸ್ ಬ್ಯಾನರೇ ಆಗಿದ್ದರೆ, ಸಾಧಿಸುವುದೇನೂ ಇಲ್ಲ. ಅದಕ್ಕಿಂತ ಒಂದೇ ಜಾತಿಯ ಎರಡು ತೆಳುಚೀಲಗಳಲ್ಲಿ ಒಂದನ್ನು ಶಾಲೆಯ ಮಾಳಿಗೆಯ ಬಿಸಿಲಿನಲ್ಲಿ, ಇನ್ನೊಂದನ್ನು ಉಪ್ಪುನೀರು ತುಂಬಿದ ಪಾತ್ರೆಯಲ್ಲಿ ನೆರಳಿನಲ್ಲಿ ಇರಿಸಿ, ತಿಂಗಳಿಗೊಮ್ಮೆ ಮಕ್ಕಳಿಂದಲೇ ಎಳೆದು ನೋಡಿಸಿ, ಕಂಡುದನ್ನು ಬರೆದಿಡಿಸಬಹುದು. ಗಣಿತದ ಶಿಕ್ಷಕರು ಘನದ ಲೆಕ್ಕವನ್ನು ಬಿಡಿಸಲಿ. ಭೂಗೋಳದ ಶಿಕ್ಷಕರು ಊರ ಹಳ್ಳದ ಹಾದಿಯನ್ನು ಕಡಲಿನವರೆಗೆ ನಕ್ಷೆಯಲ್ಲಿ ತೋರಿಸಲಿ. ಕನ್ನಡದ ಶಿಕ್ಷಕರು ಕರಗು, ಕೊಳೆ, ಒಡೆ ಎಂಬ ಮೂರು ಧಾತುಗಳ ಅಂತರವನ್ನು ಬಿಡಿಸಿ ಹೇಳಲಿ. ಒಂದು ಸತ್ಯವನ್ನು ಮೂರು ಬಾಗಿಲುಗಳಿಂದ ಹೊಕ್ಕ ಮಗುವು ಅದನ್ನು ಬೇಗ ಮರೆಯುವುದಿಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ವ್ಯಾಪಾರಿಗಳಿದ್ದಾರೆ, ಇಂಜಿನಿಯರುಗಳಿದ್ದಾರೆ, ಊರಿನ ಆಡಳಿತ ನಡೆಸುವವರಿದ್ದಾರೆ. ತಮ್ಮ ತಮ್ಮ ಅಂಗಡಿ, ಕಾರ್ಖಾನೆ, ಕಚೇರಿಗಳಲ್ಲಿ ಅವರು ಮಾಡಬಹುದಾದುದು ಬಹಳವಿದೆ. ಉದಾರಿಗಳಾದ ದಾನಿಗಳು ಪ್ರಸಾದನಿಲಯಕ್ಕೆ ಐನೂರು ಉಕ್ಕಿನ ತಟ್ಟೆಗಳನ್ನೂ ಅವುಗಳನ್ನು ತೊಳೆಯಲು ಒಂದು ನೀರಿನ ತೊಟ್ಟಿಯನ್ನೂ ಕೊಡಿಸಿದರೆ, ಗೋಡೆಯ ಮೇಲೆ ಹೆಸರು ಕೆತ್ತಿಸಿದ ಕಲ್ಲಿಗಿಂತ ಆ ದಾನವು ಹೆಚ್ಚು ದಿನ ಮಾತನಾಡುತ್ತದೆ. ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹದಿಂದ ನಾಡಿನ ಬಡಮಕ್ಕಳನ್ನು ಬೆಳೆಸಿದ ಮಠಗಳಿಗೆ, ಆ ಮಕ್ಕಳು ಕುಡಿಯುವ ನೀರನ್ನೂ ಉಣ್ಣುವ ಉಪ್ಪನ್ನೂ ಕಾಯುವುದು ಹೊಸ ಹೊಣೆಯೇನೂ ಅಲ್ಲ. ಹಳೆಯ ಹೊಣೆಯ ಮುಂದುವರಿಕೆಯೇ ಸರಿ.

ಹೊಳೆಯಲ್ಲಿ ತೊಳೆದ ಹುಣಸೆಹಣ್ಣಿನ ಗಾದೆಯು ಹುಣಸೆಹಣ್ಣಿನ ಮಟ್ಟಿಗೆ ಇಂದಿಗೂ ಸತ್ಯ. ಪ್ಲಾಸ್ಟಿಕ್ಕಿನ ಮಟ್ಟಿಗೆ ಕನ್ನಡಕ್ಕೆ ಒಂದು ಹೊಸ ಗಾದೆ ಬೇಕಾಗಿದೆ. ಒಡೆದುದು ಅಳಿದುದಲ್ಲ ಎಂಬ ಮಾತು ಶಾಲೆಯ ಮಕ್ಕಳ ಬಾಯಲ್ಲಿ ನೆಲೆಗೊಂಡು, ದಾರಿಯಲ್ಲಿ ಬಿದ್ದ ಒಂದು ಚೀಲವನ್ನು ಒಡೆಯುವ ಮುನ್ನವೇ ಬಾಗಿ ಎತ್ತುವ ಅಭ್ಯಾಸವು ಅವರ ಕೈಗೆ ಬಂದರೆ, ಆ ಗಾದೆಯು ಸಾರ್ಥಕವಾಗುತ್ತದೆ.